ಕಪ್ ಗೆದ್ದ ಮೂರೇ ವರ್ಷಕ್ಕೆ ಮೂರನೇ ದರ್ಜೆಗೆ: ಅಕ್‌ಹಿಸಾರ್ ಕ್ಲಬ್ ಜಾರಿದ್ದು ಹೇಗೆ?

2018ರ ಮೇ 10ರಂದು ದಿಯಾರ್‌ಬಕಿರ್‌ನಲ್ಲಿ ಟರ್ಕಿಷ್ ಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ಒಂದು ಕಡೆ ಇಸ್ತಾಂಬುಲ್‌ನ ದೈತ್ಯ ಫೆನರ್‌ಬಾಚೆ, ಇನ್ನೊಂದು ಕಡೆ ಆಲಿವ್ ಬೆಳೆಗೆ ಹೆಸರಾದ ಅಕ್‌ಹಿಸಾರ್ ಊರಿನ ತಂಡ. ಅಕ್‌ಹಿಸಾರ್ 3-2ರಿಂದ ಗೆದ್ದಿತು. ಆಗಸ್ಟ್ 5ರಂದು ಲೀಗ್ ಚಾಂಪಿಯನ್ ಗಲಾತಸರಾಯ್ ತಂಡವನ್ನೂ ಪೆನಾಲ್ಟಿಯಲ್ಲಿ ಸೋಲಿಸಿ ಸೂಪರ್ ಕಪ್ ಎತ್ತಿತು. 2021ರಲ್ಲಿ ಇದೇ ತಂಡ ಮೂರನೇ ದರ್ಜೆಗೆ ಬಿದ್ದಿತ್ತು. ಆಮೇಲೂ ಇಳಿಯುವುದು ನಿಲ್ಲಲಿಲ್ಲ.

ಅಕ್‌ಹಿಸಾರ್ ಇರುವುದು ಪಶ್ಚಿಮ ಟರ್ಕಿಯ ಮನಿಸಾ ಪ್ರಾಂತ್ಯದಲ್ಲಿ. ಸುತ್ತಲಿನ ಹಳ್ಳಿಗಳೂ ಸೇರಿ ಜನಸಂಖ್ಯೆ ಸುಮಾರು 1.7 ಲಕ್ಷ. ಕ್ಲಬ್ ಶುರುವಾದದ್ದು 1970ರಲ್ಲಿ. ಹಸಿರು-ಕಪ್ಪು ಜೆರ್ಸಿ. ಬಹಳ ಕಾಲ ಅದರ ಹೆಸರಲ್ಲೇ ಊರಿನ ಪುರಸಭೆ ಇತ್ತು: ಅಕ್‌ಹಿಸಾರ್ ಬೆಲೆದಿಯೆಸ್ಪೋರ್ ('ಬೆಲೆದಿಯೆ' ಅಂದರೆ ಪುರಸಭೆ). ಟರ್ಕಿಯ ಸಣ್ಣ ಊರುಗಳಲ್ಲಿ ಇದು ಮಾಮೂಲಿ. ದೊಡ್ಡ ಪ್ರಾಯೋಜಕರು ಇಲ್ಲದ ಕಡೆ ಪುರಸಭೆಯೇ ತಂಡದ ಬೆನ್ನಿಗೆ ನಿಲ್ಲುತ್ತದೆ.

2012ರಲ್ಲಿ ಕೋಚ್ ಹಮ್ಜಾ ಹಮ್ಜಾಓಲು ತಂಡವನ್ನು ಮೊದಲ ಬಾರಿ ದೇಶದ ಮೊದಲ ದರ್ಜೆಯಾದ ಸೂಪರ್ ಲೀಗ್‌ಗೆ ಏರಿಸಿದರು. ಊರಿನಲ್ಲಿ ಆ ದರ್ಜೆಗೆ ತಕ್ಕ ಮೈದಾನವೇ ಇರಲಿಲ್ಲ. 'ಹೋಮ್' ಪಂದ್ಯಗಳನ್ನು ಮನಿಸಾ ನಗರದಲ್ಲಿ ಆಡಬೇಕಾಯಿತು. ಮೊದಲ ಸೀಸನ್‌ನ ಅರ್ಧಕ್ಕೇ ಕೆಳಗಿಳಿಯುವ ಭಯ ಶುರುವಾಗಿತ್ತು. ಆಗ ಬಂದವರು ಗ್ರೀಕ್ ಸ್ಟ್ರೈಕರ್ ಥಿಯೊಫಾನಿಸ್ ಗೆಕಾಸ್. ಅರ್ಧ ಸೀಸನ್‌ನಲ್ಲಿ 12 ಗೋಲು ಹೊಡೆದರು, ತಂಡ ಉಳಿಯಿತು. ಟರ್ಕಿ-ಗ್ರೀಸ್ ನಡುವಿನ ಹಳೇ ಜಗಳ ಗೊತ್ತಿದ್ದವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸುಮಾರು 12 ಸಾವಿರ ಸೀಟಿನ ಸ್ವಂತ ಸ್ಟೇಡಿಯಂ ಸಿಕ್ಕಿದ್ದು 2018ರ ಜನವರಿಯಲ್ಲಿ. ನಾಲ್ಕು ತಿಂಗಳಲ್ಲಿ, ಒಕಾನ್ ಬುರುಕ್ ಕೋಚ್ ಆಗಿದ್ದಾಗ, ಕಪ್ ಕೂಡ ಬಂತು.

ಗೆದ್ದ ಹೊತ್ತು ಮಾತ್ರ ಸರಿ ಇರಲಿಲ್ಲ. ಸೂಪರ್ ಕಪ್ ಗೆದ್ದು ಒಂದು ವಾರ ಆಗುವಷ್ಟರಲ್ಲಿ ಟರ್ಕಿಯ ಕರೆನ್ಸಿ ಲಿರಾ ಕುಸಿಯಿತು. ವರ್ಷದ ಆರಂಭದಲ್ಲಿ ಒಂದು ಡಾಲರ್‌ಗೆ 4 ಲಿರಾಕ್ಕಿಂತ ಕಡಿಮೆ ಇತ್ತು; ಆಗಸ್ಟ್ ಮಧ್ಯಕ್ಕೆ 7ರ ಹತ್ತಿರ. ಟರ್ಕಿಯ ಕ್ಲಬ್‌ಗಳು ವಿದೇಶಿ ಆಟಗಾರರಿಗೆ ಸಾಮಾನ್ಯವಾಗಿ ಯೂರೋದಲ್ಲಿ ಸಂಬಳ ಕೊಡುತ್ತವೆ. ಟಿಕೆಟ್ ದುಡ್ಡು ಬರುವುದು ಲಿರಾದಲ್ಲಿ. ದೊಡ್ಡ ಕ್ಲಬ್‌ಗಳು ಸಾಲ ಮಾಡಿ ದೂಡಬಹುದು, ಸಣ್ಣ ಊರಿನವರು ಏನು ಮಾಡಬೇಕು?

ಮೈದಾನದಲ್ಲೂ ಸುಸ್ತು ಕಂಡಿತು. ಬುರುಕ್ ಬಿಟ್ಟು ಹೋಗಿದ್ದರು. ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಗುಂಪಿನಲ್ಲಿ ಸ್ಪೇನ್‌ನ ಸೆವಿಯಾ, ರಷ್ಯಾದ ಕ್ರಾಸ್ನೊದಾರ್, ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್ ಎದುರಾದವು. ಆರು ಪಂದ್ಯ, ಒಂದೇ ಪಾಯಿಂಟ್. ದೇಶದ ಲೀಗ್‌ನಲ್ಲಿ 18 ತಂಡಗಳ ಪೈಕಿ ಕೊನೇ ಸ್ಥಾನ. 2019ರಲ್ಲಿ ಎರಡನೇ ದರ್ಜೆಗೆ, 2021ರಲ್ಲಿ '2. ಲೀಗ್'ಗೆ. ಹೆಸರಿನಲ್ಲಿ '2' ಇದ್ದರೂ ಲೆಕ್ಕದಲ್ಲಿ ಅದು ಮೂರನೇ ದರ್ಜೆ!

ಸೂಪರ್ ಲೀಗ್ ಬಿಟ್ಟ ತಕ್ಷಣ ಟಿವಿ ದುಡ್ಡು ಬತ್ತುತ್ತದೆ, ಹಳೇ ಒಪ್ಪಂದಗಳು ಹಾಗೇ ಇರುತ್ತವೆ. ಸಂಬಳ ಬಾಕಿ ಆದರೆ ವಿದೇಶಿ ಆಟಗಾರ ಫಿಫಾಗೆ ದೂರು ಕೊಡುತ್ತಾನೆ. ಬಾಕಿ ತೀರುವ ತನಕ ಹೊಸಬರನ್ನು ನೋಂದಾಯಿಸುವಂತಿಲ್ಲ. ಟರ್ಕಿಯ ಇನ್ನೊಂದು ಕ್ಲಬ್ ಎಸ್ಕಿಶೆಹಿರ್‌ಸ್ಪೋರ್ ಹೀಗೆ ಸಿಕ್ಕಿಬಿದ್ದು, ತನ್ನ ಯೂತ್ ಹುಡುಗರನ್ನೇ ಕಣಕ್ಕಿಳಿಸಿ ಸೋಲುತ್ತಾ ಹೋಯಿತು. 2010ರ ಲೀಗ್ ಚಾಂಪಿಯನ್ ಬುರ್ಸಾಸ್ಪೋರ್ ಕೂಡ 2024ರಲ್ಲಿ ನಾಲ್ಕನೇ ದರ್ಜೆಗೆ ಬಿತ್ತು. ನನ್ನ ಪ್ರಕಾರ ಇಲ್ಲಿ ಕೋಚ್‌ಗಳನ್ನು ಬೈದು ಪ್ರಯೋಜನವಿಲ್ಲ. ಬರುವ ದುಡ್ಡು ಒಂದು ಕರೆನ್ಸಿ, ಹೋಗುವುದು ಇನ್ನೊಂದು. ಗಂಟು ಇರುವುದು ಅಲ್ಲಿ.

ಆದರೂ ಬುರ್ಸಾಗೆ ಅಕ್‌ಹಿಸಾರ್‌ಗಿಲ್ಲದ ಒಂದು ಆಸ್ತಿ ಇದೆ. ಅದು ಹತ್ತಾರು ಲಕ್ಷ ಜನರಿರುವ ನಗರ, ನಾಲ್ಕನೇ ದರ್ಜೆಯಲ್ಲೂ ಸ್ಟೇಡಿಯಂ ತುಂಬುತ್ತಿತ್ತು. ಸಣ್ಣ ಊರುಗಳಲ್ಲಿ ಮೊದಲ ಪ್ರೀತಿ ಬಹಳ ಸಲ ಇಸ್ತಾಂಬುಲ್‌ನ ಮೂರು ದೊಡ್ಡ ಕ್ಲಬ್‌ಗಳಿಗೇ. ಊರಿನ ತಂಡದ್ದು ಆಮೇಲೆ.