ಕಂಪ್ಯೂಟರ್ ಸೌಂಡ್ ತಾನಾಗಿ ಹೋಗಿ ತಾನಾಗಿ ಬರುತ್ತದೆ, ಮದರ್‌ಬೋರ್ಡ್ ಹೋಗಿದೆಯಾ?

ತುಮಕೂರಿನ ಬಟವಾಡಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಮನೆಯ ಕಂಪ್ಯೂಟರ್‌ಗೆ ಐದು ವರ್ಷ ಆಯಿತು. ಎರಡು ತಿಂಗಳಿಂದ ಸೌಂಡ್ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೇ ದಿನ ಇಲ್ಲ. ಹೊಸ ಸ್ಪೀಕರ್ ತಂದೆವು, ಅದೇ ಕತೆ. ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಾಯಿಸಬೇಕು ಅಂದರು. ಮಗಳ ಪಿಯುಸಿ ವಿಡಿಯೋ ಪಾಠ ಎಲ್ಲ ಅದರಲ್ಲೇ ನಡೆಯುತ್ತದೆ. ನಿಜವಾಗಲೂ ಮದರ್‌ಬೋರ್ಡ್ ಹೋಗಿರುತ್ತದಾ ಸರ್?"

ಈಗಲೇ ದುಡ್ಡು ಬಿಚ್ಚಬೇಡಿ. ಹೋದ ಸೌಂಡ್ ತಾನಾಗಿ ವಾಪಸ್ ಬರುತ್ತಿದೆ ಅಂದರೆ ಮದರ್‌ಬೋರ್ಡ್ ಮೇಲಿನ ಸೌಂಡ್ ಚಿಪ್ ಪೂರ್ತಿ ಸುಟ್ಟುಹೋಗಿಲ್ಲ ಅಂತ ಅರ್ಥ. ಸುಟ್ಟುಹೋದ ಚಿಪ್ ನಾಲ್ಕು ದಿನ ಹಾಡಿ ಐದನೇ ದಿನ ರಜೆ ಹಾಕುವುದಿಲ್ಲ. ಇಂಥ ತೊಂದರೆ ಅಂತ ನಾನು ನೋಡಿದ ಮನೆಗಳಲ್ಲಿ ಮದರ್‌ಬೋರ್ಡ್ ಬದಲಾಯಿಸುವ ಹಂತಕ್ಕೆ ಹೋದದ್ದು ತೀರಾ ಕಡಿಮೆ. "ಇದ್ದಕ್ಕಿದ್ದ ಹಾಗೆ" ಅಂತ ನಮಗೆ ಅನ್ನಿಸುತ್ತದೆ ಅಷ್ಟೆ. ಸೌಂಡ್ ಹೋಗುವುದಕ್ಕೆ ಸ್ವಲ್ಪ ಮುಂಚೆ ಏನೋ ಒಂದು ನಡೆದಿರುತ್ತದೆ. ಅದನ್ನು ಹಿಡಿದರೆ ಅರ್ಧ ರಿಪೇರಿ ಮುಗಿದ ಹಾಗೆ.

ಅದಕ್ಕೆ ಮೊದಲ ಕೆಲಸ, ಕಂಪ್ಯೂಟರ್ ಪಕ್ಕದ ಗೋಡೆ ಕ್ಯಾಲೆಂಡರ್‌ನಲ್ಲಿ ಪೆನ್ನಲ್ಲಿ ಬರೆದಿಡಿ. ಸೌಂಡ್ ಯಾವ ದಿನ, ಎಷ್ಟು ಗಂಟೆಗೆ ಹೋಯಿತು? ಅದಕ್ಕೆ ಮುಂಚೆ ಕರೆಂಟ್ ಹೋಗಿ ಬಂದಿತ್ತಾ? ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಿತ್ತಾ? ಯಾರಾದರೂ ಇಯರ್‌ಫೋನ್ ಹಾಕಿ ತೆಗೆದರಾ? ವಿಡಿಯೋ ಕಾಲ್ ಮುಗಿದಿತ್ತಾ, ಅಪ್‌ಡೇಟ್ ಆಗಿತ್ತಾ? ಒಂದು ವಾರ ಬರೆದರೆ ಸಾಕು.

ಎರಡನೆಯದು, ಮುಂದಿನ ಸಲ ಸೌಂಡ್ ಹೋದಾಗ ಗಾಬರಿಯಲ್ಲಿ ಆಫ್ ಮಾಡಬೇಡಿ. ತೊಂದರೆ ಕಣ್ಣೆದುರು ಇರುವಾಗಲೇ ನೋಡಬೇಕು, ಅಲ್ವಾ? ಯಾವುದಾದರೂ ಹಾಡು ಹಾಕಿ ಹಾಗೇ ಓಡಲು ಬಿಡಿ. ಕೀಬೋರ್ಡ್‌ನಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದುಕೊಂಡು ಆರ್ ಒತ್ತಿ. ಬರುವ ಪುಟ್ಟ ಜಾಗದಲ್ಲಿ ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಹಳೇ ಕಾಲದ ಒಂದು ಕಿಟಕಿ ತೆರೆಯುತ್ತದೆ. ಅದರ ಪ್ಲೇಬ್ಯಾಕ್ ಭಾಗದಲ್ಲಿ ನಿಮ್ಮ ಕಂಪ್ಯೂಟರ್‌ಗೆ ಗೊತ್ತಿರುವ ಸ್ಪೀಕರ್, ಹೆಡ್‌ಫೋನ್, ಮಾನಿಟರ್ ಎಲ್ಲ ಸಾಲಾಗಿ ಕಾಣುತ್ತವೆ. ಒಂದೊಂದರ ಪಕ್ಕದಲ್ಲೂ ಏಣಿ ಮೆಟ್ಟಿಲ ಹಾಗೆ ಸಣ್ಣ ಗೆರೆಗಳಿರುತ್ತವೆ. ಸೌಂಡ್ ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಯ ಗೆರೆಗಳು ಹಾಡಿನ ಜೊತೆ ಹಸಿರಾಗಿ ಏರಿ ಇಳಿಯುತ್ತವೆ.

ಈ ಹಸಿರು ಗೆರೆಗಳೇ ನಮ್ಮ ನಾಡಿ. ಮಾನಿಟರ್ ಹೆಸರಿನ ಪಕ್ಕ ಕುಣಿಯುತ್ತಿದ್ದರೆ ಸೌಂಡ್ ದಾರಿ ತಪ್ಪಿದೆ. ಸ್ಪೀಕರ್ ಹೆಸರಿನ ಪಕ್ಕ ಕುಣಿಯುತ್ತಿದ್ದು ಕಿವಿಗೆ ಏನೂ ಕೇಳದಿದ್ದರೆ ವಿಂಡೋಸ್ ತನ್ನ ಪಾಲಿನ ಕೆಲಸ ಮಾಡಿದೆ, ತೊಂದರೆ ಅದರ ಆಚೆಗಿದೆ: ಡ್ರೈವರ್ (ಸೌಂಡ್ ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಪ್ರೋಗ್ರಾಂ), ಪಿನ್, ವೈರ್ ಅಥವಾ ಸ್ಪೀಕರ್. ಎಲ್ಲೂ ಕುಣಿಯದಿದ್ದರೆ ವಿಂಡೋಸ್ ಒಳಗೇ ಏನೋ ಸಿಕ್ಕಿಹಾಕಿಕೊಂಡಿದೆ.

ದಾರಿ ತಪ್ಪುವುದು ಹೇಗೆ ಅಂತ ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಕಣ್ಣಾರೆ ನೋಡಿದೆ. ಅಲ್ಲೂ ಇದೇ ದೂರು, ಅಲ್ಲೂ ಹೊಸ ಸ್ಪೀಕರ್. ನಾನು ಹೋದಾಗ ಸೌಂಡ್ ಚೆನ್ನಾಗಿಯೇ ಬರುತ್ತಿತ್ತು. ಕಾಫಿ ಕುಡಿಯುತ್ತಾ ಕೂತಿದ್ದೆ, ಕರೆಂಟ್ ಹೋಯಿತು. ಸಿಪಿಯು ಯುಪಿಎಸ್ ಮೇಲೆ ಓಡುತ್ತಲೇ ಇತ್ತು, ಮಾನಿಟರ್ ಮಾತ್ರ ಕಪ್ಪಾಯಿತು. ಅದರ ಪ್ಲಗ್ ಗೋಡೆಯ ಸಾಕೆಟ್‌ನಲ್ಲಿತ್ತು. ಎರಡು ನಿಮಿಷಕ್ಕೆ ಕರೆಂಟ್ ಬಂತು, ಮಾನಿಟರ್ ಬೆಳಗಿತು, ಸೌಂಡ್ ಇಲ್ಲ! ಪ್ಲೇಬ್ಯಾಕ್ ತೆರೆದು ನೋಡಿದರೆ ಹಸಿರು ಗೆರೆ ಮಾನಿಟರ್ ಹೆಸರಿನ ಪಕ್ಕ ಕುಣಿಯುತ್ತಿತ್ತು.

ಆ ಮನೆಯಲ್ಲಿ ಮೊದಲು ನೀಲಿ ಮೂತಿಯ ವಿಜಿಎ ಕೇಬಲ್ ಇತ್ತು. ಅದರಲ್ಲಿ ಬರೀ ಚಿತ್ರ ಹೋಗುತ್ತದೆ. ಮಾನಿಟರ್ ಬದಲಾಯಿಸಿದಾಗ ಎಚ್‌ಡಿಎಂಐ ಕೇಬಲ್ ಬಂತು. ಅದು ಚಿತ್ರ, ಸೌಂಡ್ ಎರಡನ್ನೂ ಹೊರುತ್ತದೆ. ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ, ಹಿಂದೆ ಒಂದು ಹೆಡ್‌ಫೋನ್ ತೂತು ಇರುತ್ತದೆ ಅಷ್ಟೆ. ಆದರೂ "ನನಗೂ ಸೌಂಡ್ ಕೊಡಬಹುದು" ಅಂತ ಅವು ವಿಂಡೋಸ್‌ಗೆ ಹೇಳಿಕೊಳ್ಳುತ್ತವೆ. ಕರೆಂಟ್ ಹೋದಾಗ ಮಾನಿಟರ್ ವಿಂಡೋಸ್‌ನ ಪಟ್ಟಿಯಿಂದ ಮಾಯವಾಗುತ್ತದೆ. ವಾಪಸ್ ಬಂದಾಗ ಹೊಸ ಸಾಧನ ಬಂತು ಅಂದುಕೊಂಡು ವಿಂಡೋಸ್ ಕೆಲವು ಸಲ ಸೌಂಡನ್ನು ಅಲ್ಲಿಗೇ ತಿರುಗಿಸಿಬಿಡುತ್ತದೆ. ಕೇಳಿಸಲು ಅಲ್ಲಿ ಸ್ಪೀಕರ್ ಎಲ್ಲಿದೆ?

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಅದೇ ಕಿಟಕಿಯಲ್ಲಿ ಮಾನಿಟರ್ ಹೆಸರಿನ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ಡಿಸೇಬಲ್ ಕೊಡಿ. ಆಮೇಲೆ ಸ್ಪೀಕರ್ ಮೇಲೆ ಕ್ಲಿಕ್ ಮಾಡಿ ಸೆಟ್ ಡಿಫಾಲ್ಟ್ ಕೊಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಮಾನಿಟರ್ ಮತ್ತೆ ತಲೆ ಎತ್ತಬಹುದು, ಆಗ ಇನ್ನೊಂದು ಸಲ ಮಾಡಿದರಾಯಿತು.

ಇನ್ನು ಹಸಿರು ಗೆರೆ ಸರಿಯಾದ ಜಾಗದಲ್ಲೇ ಕುಣಿಯುತ್ತಿದ್ದರೆ ಕಣ್ಣನ್ನು ಸ್ಕ್ರೀನಿನಿಂದ ತೆಗೆದು ಕೈಯನ್ನು ಪಿನ್ನಿನ ಮೇಲೆ ಇಡಿ. ಸ್ಪೀಕರ್ ವೈರ್ ಸಿಪಿಯು ಹಿಂದಿನ ಹಸಿರು ಬಣ್ಣದ ತೂತಿಗೆ ಹೋಗಬೇಕು. ಗುಲಾಬಿ ಮೈಕ್‌ಗೆ, ನೀಲಿ ಹೊರಗಿನಿಂದ ಸೌಂಡ್ ಒಳಗೆ ತೆಗೆದುಕೊಳ್ಳಲಿಕ್ಕೆ. ಹಾಡು ಓಡುತ್ತಿರುವಾಗ ಪಿನ್ನನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಕರಕರ ಅಂದು ಸೌಂಡ್ ಬಂದು ಹೋದರೆ ಕಳ್ಳ ಸಿಕ್ಕ.

ಸಿಪಿಯು ಮುಂಭಾಗದ ಹೆಡ್‌ಫೋನ್ ತೂತು ಇನ್ನೂ ಕಿಲಾಡಿ. ಪಿನ್ ಹಾಕಿದ್ದು ಕಂಪ್ಯೂಟರ್‌ಗೆ ಗೊತ್ತಾಗಲಿ ಅಂತ ಅದರ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಹೆಡ್‌ಫೋನ್ ಬಂತು ಅಂತ ಅದು ಹೇಳಿದ ತಕ್ಷಣ ಎಷ್ಟೋ ಕಂಪ್ಯೂಟರ್‌ಗಳು ಹಿಂದಿನ ಸ್ಪೀಕರನ್ನು ಸುಮ್ಮನಾಗಿಸುತ್ತವೆ. ಆ ಸ್ವಿಚ್ ಸಿಕ್ಕಿಕೊಂಡರೆ ಇಲ್ಲದ ಹೆಡ್‌ಫೋನ್‌ಗೆ ಸೌಂಡ್ ಹೋಗುತ್ತಲೇ ಇರುತ್ತದೆ. ತಿಪಟೂರಿನ ಕಡೆ ಒಂದು ಮನೆಯಲ್ಲಿ ಅಟ್ಟದ ತುಂಬ ಕೊಬ್ಬರಿಗೆ ಅಂತ ಕಾಯಿ ತುಂಬಿದ್ದರು, ಕೆಳಗೆ ಕಂಪ್ಯೂಟರ್ ಇಟ್ಟಿದ್ದರು. ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ತೂತಿನೊಳಗೆ ಸಣ್ಣ ಕಂದು ನಾರು ಗೂಡು ಕಟ್ಟಿತ್ತು. ಕಂಪ್ಯೂಟರ್ ಆಫ್ ಮಾಡಿ, ಗಾಳಿ ಊದುವ ಬಲ್ಬ್‌ನಲ್ಲಿ ಊದಿದೆವು. ಇಯರ್‌ಫೋನ್ ಪಿನ್ನನ್ನು ಹತ್ತು ಸಲ ಹಾಕಿ ತೆಗೆದೆವು. ಸೌಂಡ್ ಸರಿಯಾಯಿತು. ದಯವಿಟ್ಟು ಸೂಜಿ, ಗುಂಡುಪಿನ್ ಒಳಗೆ ಹಾಕಬೇಡಿ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಧೂಳು ಇನ್ನೂ ಜಾಸ್ತಿ ಅಂಟುತ್ತದೆ.

ಗೆರೆ ಎಲ್ಲೂ ಕುಣಿಯದಿದ್ದರೆ ರೀಸ್ಟಾರ್ಟ್ ಮಾಡಿ. "ಆಫ್ ಮಾಡಿ ಆನ್ ಮಾಡಿದೆ ಸರ್" ಅನ್ನುತ್ತಾರೆ ಎಲ್ಲರೂ. ಅದು ಬೇರೆ, ಇದು ಬೇರೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲಭ್ಯ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಡ್ರೈವರ್‌ಗಳಿದ್ದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಳ್ಳುತ್ತದೆ. ರಾತ್ರಿ ಕೆಟ್ಟ ಸೌಂಡ್ ಬೆಳಗ್ಗೆಯೂ ಕೆಟ್ಟೇ ಇರುವುದು ಹೀಗೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಪಾಠದ ಮಧ್ಯೆ ರೀಸ್ಟಾರ್ಟ್ ಮಾಡಲು ಆಗದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಅಂತ ಹುಡುಕಿ ತೆರೆಯಿರಿ. ಅಲ್ಲಿ ವಿಂಡೋಸ್ ಆಡಿಯೋ ಅನ್ನುವ ಸಾಲಿನ ಮೇಲೆ ಬಲ ಬಟನ್ ಒತ್ತಿ ರೀಸ್ಟಾರ್ಟ್ ಕೊಡಿ. ಇದರಿಂದ ಸೌಂಡ್ ಬಂದರೆ ಮದರ್‌ಬೋರ್ಡ್ ಮೇಲಿನ ಅನುಮಾನ ಬಿಟ್ಟುಬಿಡಬಹುದು.

ಪದೇ ಪದೇ ಹೀಗಾದರೆ ಡ್ರೈವರ್ ನೋಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಡಿವೈಸ್ ಮ್ಯಾನೇಜರ್ ಅಂತ ಹುಡುಕಿ ತೆರೆದರೆ, ಸೌಂಡ್ ಸಾಧನಗಳ ಕೆಳಗೆ ರಿಯಲ್‌ಟೆಕ್ ಅಂತಲೋ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಅಂತಲೋ ಇರುತ್ತದೆ. ತೊಂದರೆ ಒಂದು ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ, ಹಳೆಯದು ವಾಪಸ್ ಬರುತ್ತದೆ. ಆ ಬಟನ್ ಮಂಕಾಗಿದ್ದರೆ ನಿಮ್ಮ ಮದರ್‌ಬೋರ್ಡ್ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ತಂದು ಹಾಕಿ. ಎಲ್ಲ ಡ್ರೈವರ್ ಉಚಿತ ಅಂತ ಜಾಹೀರಾತಿನಲ್ಲಿ ಬರುವ ಪ್ರೋಗ್ರಾಂಗಳು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದಕ್ಕೇ ಸೌಂಡ್ ಹೋಗುತ್ತಿದೆಯಾ ಅಂತ ಕೆಲವರು ಕೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಡಿಯೋ ಕಾಲ್ ಇರುವಾಗ ಮಾತ್ರ ಹಾಡಿನ ಸೌಂಡ್ ಕುಗ್ಗಿದರೆ ಅದು ಕೆಟ್ಟದ್ದಲ್ಲ. ಅದೇ ಹಳೇ ಕಿಟಕಿಯ ಕಮ್ಯುನಿಕೇಶನ್ಸ್ ಭಾಗದಲ್ಲಿ, ಕಾಲ್ ಬಂದಾಗ ಉಳಿದ ಸೌಂಡನ್ನು 80 ಪರ್ಸೆಂಟ್ ತಗ್ಗಿಸು ಅಂತ ಮೊದಲೇ ಆರಿಸಿರುತ್ತದೆ. ಡು ನಥಿಂಗ್ ಕೊಡಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ, ಅಂಗಡಿಗೆ ಹೋಗುವ ಮುಂಚೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಹೆಬ್ಬೆರಳಿನಷ್ಟು ಇರುತ್ತದೆ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗೆ ಅದರದೇ ಸೌಂಡ್ ಚಿಪ್ ಇದೆ, ಮದರ್‌ಬೋರ್ಡ್‌ನ ಚಿಪ್ಪಿನ ಸಹವಾಸವೇ ಬೇಕಿಲ್ಲ. ಸ್ಪೀಕರ್ ಪಿನ್ನನ್ನು ಇದಕ್ಕೆ ಚುಚ್ಚಿ ಎರಡು ವಾರ ಓಡಿಸಿ. ಸೌಂಡ್ ಒಮ್ಮೆಯೂ ಹೋಗದಿದ್ದರೆ ತೊಂದರೆ ಹಳೆಯ ಚಿಪ್, ಅದರ ಡ್ರೈವರ್ ಅಥವಾ ಅದರ ತೂತಿನಲ್ಲಿದೆ. ಯಾವುದೇ ಇರಲಿ, ನಿಮ್ಮ ಕೆಲಸ ಆಯಿತು. ಇದನ್ನೇ ಕಾಯಂ ಬಳಸಿ. ಸಾವಿರಗಟ್ಟಲೆ ಕೊಟ್ಟು ಬೋರ್ಡ್ ಬದಲಾಯಿಸುವ ಅಗತ್ಯವೇ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ತಿಂಗಳಿಂದ ಅಂತ ಬರೆದಿದ್ದೀರಿ. ಆ ಹೊತ್ತಿಗೆ ಮಾನಿಟರ್ ಆಗಲಿ ಅದರ ಕೇಬಲ್ ಆಗಲಿ ಬದಲಾಗಿತ್ತಾ? ಇವತ್ತು ಸಂಜೆ ಮೇಜಿನ ಕೆಳಗೆ ಬಗ್ಗಿ ಮಾನಿಟರ್‌ನ ಪ್ಲಗ್ ಯುಪಿಎಸ್‌ನಲ್ಲಿದೆಯಾ, ಗೋಡೆಯಲ್ಲಿದೆಯಾ ನೋಡಿ. ನನ್ನ ಮೊದಲ ಅನುಮಾನ ಅದರ ಮೇಲೆಯೇ.