ಸ್ಟೇನ್‌ಲೆಸ್‌ಗೆ ವೇಗ ತಗ್ಗಿಸಿ, ಫೀಡನ್ನಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕಲಿತವರ ಪೈಕಿ ಹೆಚ್ಚಿನವರ ಕೈ ಪಳಗಿದ್ದು ಬೀಡು ಕಬ್ಬಿಣದ ಮೇಲೆ. ಬೀಡು ಪುಡಿಪುಡಿಯಾಗಿ ಉದುರುವ ಲೋಹವಾದ್ದರಿಂದ, ಟೂಲ್ ಚೀರತೊಡಗಿದರೆ ಫೀಡ್ (ಕೆತ್ತುವ ವಸ್ತು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸಾಗುವ ದೂರ) ಇಳಿಸಿ ಕೆಲಸ ಸಾಗಿಸುವ ರೂಢಿ ಅಲ್ಲಿ ಹೇಗೋ ನಡೆದುಹೋಗುತ್ತದೆ. ಸಕ್ಕರೆ ಕಾರ್ಖಾನೆಯ ಪಂಪಿನ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಶಾಫ್ಟ್ ಲೇತಿನ ಹಿಡಿಕೆಯಾದ ಚಕ್‌ಗೆ ಏರಿದಾಗಲೂ ಅದೇ ರೂಢಿ ಮುಂದುವರಿಯುವುದರಿಂದ ಇನ್ಸರ್ಟುಗಳು (ಟೂಲಿನ ತುದಿಗೆ ಕೂರಿಸುವ, ಬದಲಿಸಬಹುದಾದ ಕತ್ತರಿಸುವ ತುಣುಕುಗಳು) ವಿನಾಕಾರಣ ಹಾಳಾಗುತ್ತಿವೆ.

ಈ ಉಕ್ಕು ಮೂಲತಃ ಗಟ್ಟಿಯೇನಲ್ಲ. ಆದರೆ ಟೂಲಿನ ಒತ್ತಡ ಬಿದ್ದಲ್ಲೆಲ್ಲ ಅದರ ಮೇಲ್ಪದರ ಬಿರುಸಾಗುತ್ತದೆ. ಫೀಡನ್ನು ಪ್ರತಿ ಸುತ್ತಿಗೂ 0.05 ಮಿ.ಮೀ.ಗೆ ಇಳಿಸಿದಾಗ ಅಂಚು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಜಾಬಿನ, ಅಂದರೆ ಕೆತ್ತುತ್ತಿರುವ ವಸ್ತುವಿನ, ಮೈ ಕನ್ನಡಿಯಂತೆ ಹೊಳೆಯುತ್ತದೆ, ನೋಡಿದವರು ಒಳ್ಳೆಯ ಫಿನಿಶ್ ಬಂತೆಂದು ಸಂತೋಷಪಡುತ್ತಾರೆ. ಮುಂದಿನ ಕಟ್ಟಿನಲ್ಲಿ (ಕಟ್ ಎಂದರೆ ಟೂಲ್ ಒಮ್ಮೆ ಲೋಹ ಕೆತ್ತಿಕೊಂಡು ಸಾಗುವ ಸರದಿ) ಆ ಬಿರುಸು ಪದರವನ್ನೇ ಸೀಳಬೇಕಾಗುವುದರಿಂದ, ಇನ್ಸರ್ಟನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ, ಕಟ್ಟಿನ ಆಳ ಮುಗಿಯುವ ಗೆರೆಯಲ್ಲಿ, ಇಲಿ ಕಡಿದಂಥ ಕಚ್ಚು ಕಾಣುತ್ತದೆ. ಇದರ ಜೊತೆಗೆ, ಸಾಮಾನ್ಯ ಉಕ್ಕಿಗೆ ಹೋಲಿಸಿದರೆ ಇದು ಶಾಖವನ್ನು ಸುಮಾರು ಮೂರನೇ ಒಂದು ಪಾಲಿನಷ್ಟೇ ಸಾಗಿಸುವುದರಿಂದ, ಬಿಸಿಯೆಲ್ಲ ಟೂಲಿನ ತುದಿಯಲ್ಲೇ ಉಳಿಯುತ್ತದೆ.

ಆದುದರಿಂದ ತಗ್ಗಿಸಬೇಕಾದದ್ದು ವೇಗವನ್ನು, ಅಂದರೆ ಟೂಲಿನ ಅಂಚಿನೆದುರು ಜಾಬಿನ ಮೈ ಸಾಗುವ ವೇಗವನ್ನು. ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟಿಗೆ ನಿಮಿಷಕ್ಕೆ 120ರಿಂದ 150 ಮೀಟರ್, ಫೀಡ್ 0.2 ಮಿ.ಮೀ. ಆಸುಪಾಸು, ಕಟ್ಟಿನ ಆಳ ಬಿರುಸು ಪದರದ ಕೆಳಗೆ ಇಳಿಯುವಷ್ಟು, ತಂಪಾಗಿಸುವ ದ್ರವವಾದ ಕೂಲಂಟ್ ಧಾರಾಳ: ಇಲ್ಲಿಂದ ಆರಂಭಿಸಿ ಮಷೀನಿನ ಬಿಗುವನ್ನು ನೋಡಿಕೊಂಡು ಹೊಂದಿಸಿಕೊಳ್ಳಬಹುದು. ಪ್ರತಿ ಕಟ್ಟಿಗೂ ಆಳವನ್ನು ತುಸು ಬದಲಿಸಿದರೆ ಆ ಕಚ್ಚು ಒಂದೇ ಕಡೆ ಬೆಳೆಯುವುದಿಲ್ಲ. ಇನ್ಸರ್ಟಿನ ಡಬ್ಬಿಯ ಮೇಲೆ ಬೀಡಿನ ಕೆಂಪು ಗುರುತಲ್ಲ, ಸ್ಟೇನ್‌ಲೆಸ್‌ನ ಹಳದಿ ಗುರುತು ಇರಬೇಕು. (ಉಳಿದದ್ದನ್ನೇ ಬಳಸಿ ಮುಗಿಸೋಣ ಎಂಬ ಮಾಲೀಕರ ಉಳಿತಾಯ ಇಲ್ಲಿ ದುಬಾರಿಯಾಗುತ್ತದೆ.) ಡ್ರಿಲ್ಲಿಂಗಿಗೂ ಇದೇ ಮಾತು ಅನ್ವಯಿಸುತ್ತದೆ; ರಂಧ್ರದ ತಳದಲ್ಲಿ ಡ್ರಿಲ್ಲನ್ನು ಸುಮ್ಮನೆ ತಿರುಗಲು ಬಿಟ್ಟರೆ ತಳ ಬಿರುಸಾಗಿ, ಮತ್ತೆ ಒತ್ತಿದಾಗ ಡ್ರಿಲ್ಲಿನ ತುದಿ ಸುಟ್ಟುಹೋಗುತ್ತದೆ.

ಹದಗೊಳಿಸಿದ ಉಕ್ಕಿನ ಲೆಕ್ಕ ಬೇರೆ. ಗಡಸುತನದ ಅಳತೆಯಲ್ಲಿ 55 ರಾಕ್‌ವೆಲ್ ಸಿ ದಾಟಿದ ಜಾಬಿಗೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಅತಿ ಗಟ್ಟಿ ವಸ್ತು) ಟೂಲ್ ಬೇಕು, ಕಟ್ಟು ಹಗುರವಾಗಿರಬೇಕು. ಕೀವೇ (ಕೀ ಕೂರಲು ಕೊರೆದ ಸೀಳು) ಇರುವ ಶಾಫ್ಟಿನಲ್ಲಿ, ಆ ಸೀಳು ಎದುರಾದಾಗಲೆಲ್ಲ ಕತ್ತರಿಸುವಿಕೆ ತುಂಡಾಗಿ, ಅಂಚು ಕ್ಷಣಕ್ಕೊಮ್ಮೆ ಕಾದು ತಣಿಯುತ್ತಲೇ ಇರುವುದರಿಂದ, ಅದರ ಮೇಲೆ ಕೂಲಂಟ್ ಸುರಿದರೆ ಬಿರುಕು ಬೇಗನೆ ಮೂಡುತ್ತದೆ. ಅಂಥ ಕೆಲಸವನ್ನು ಒಣದಾಗಿಯೇ ಮಾಡುವುದು ಲೇಸು.