ಎಂಟನೇ ಕ್ಲಾಸ್ ಮುಗಿಯುವಾಗ ಕೈಗೆ ಬರುವ ಫಾರ್ಮ್

ಖಾಸಗಿ ಪ್ರೌಢಶಾಲೆಗಳಲ್ಲಿ ಮಕ್ಕಳಿಗೂ ಪೋಷಕರಿಗೂ ವಿಷಯ ಆಯ್ಕೆಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಜನ ಜಾಸ್ತಿ ಬರುವುದು ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಬೇಕಾ, ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ಸಾಕಾ, ಕಾಮರ್ಸ್‌ಗೆ ಹಾಕಿದರೆ ಮುಂದೆ ಕಷ್ಟ ಆಗುತ್ತದಾ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಅದು ಆಗುವುದು ಎಂಟನೇ ತರಗತಿ ಮುಗಿಯುವಾಗ ಶಾಲೆ ಕಳಿಸುವ ಒಂದು ಹಾಳೆಯ ಫಾರ್ಮ್‌ನಲ್ಲಿ. ಎರಡನೇ ಭಾಷೆ ಯಾವುದು, ಐಚ್ಛಿಕ ವಿಷಯ ಯಾವುದು ಎಂದು ಅದರಲ್ಲಿ ಕೇಳಿರುತ್ತಾರೆ. ತುಂಬಾ ಮನೆಗಳಲ್ಲಿ ರಾತ್ರಿ ಊಟ ಆದ ಮೇಲೆ ಟಿಕ್ ಹಾಕಿ, ಸಹಿ ಮಾಡಿ, ಮಗುವಿನ ಬ್ಯಾಗಿಗೆ ಹಾಕಿಬಿಡುತ್ತಾರೆ.

ಆ ಫಾರ್ಮ್ ತುಂಬುವ ಮುಂಚೆ ಎರಡು ವಿಚಾರ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ವಿಷಯ ಬಿಟ್ಟರೆ ಮುಂದೆ ಯಾವ ದಾರಿ ಮುಚ್ಚುತ್ತದೆ ಎನ್ನುವುದು ಒಂದು. ಈ ವಿಷಯ ತೆಗೆದುಕೊಂಡರೆ ಎರಡು ವರ್ಷ ಮಗು ದಿನಾ ಏನು ಮಾಡುತ್ತಾ ಕೂತಿರುತ್ತದೆ ಎನ್ನುವುದು ಇನ್ನೊಂದು. ಅಂಕ ಎಷ್ಟು ಬರುತ್ತದೆ ಎನ್ನುವುದು ಇವೆರಡರ ನಂತರ.

ದಾರಿ ಮುಚ್ಚುವ ವಿಚಾರ ಐಸಿಎಸ್‌ಇ ಶಾಲೆಗಳಲ್ಲಿ ಎಲ್ಲಕ್ಕಿಂತ ಗಂಭೀರ. ಅಲ್ಲಿ ವಿಷಯಗಳು ಮೂರು ಗುಂಪುಗಳಲ್ಲಿವೆ. ಮೊದಲ ಗುಂಪು ಎಲ್ಲರಿಗೂ ಕಡ್ಡಾಯ: ಇಂಗ್ಲಿಷ್, ಎರಡನೇ ಭಾಷೆ, ಇತಿಹಾಸ-ಪೌರನೀತಿ-ಭೂಗೋಳ. ಎರಡನೇ ಗುಂಪಿನಲ್ಲಿ ಗಣಿತ, ವಿಜ್ಞಾನ, ಅರ್ಥಶಾಸ್ತ್ರ, ಕಮರ್ಷಿಯಲ್ ಸ್ಟಡೀಸ್ ಮುಂತಾದವು ಇರುತ್ತವೆ. ಅವುಗಳಲ್ಲಿ ಎರಡನ್ನು ಆರಿಸಬೇಕು. ಹೆಚ್ಚಿನವರು ಗಣಿತ ಮತ್ತು ವಿಜ್ಞಾನವನ್ನೇ ತೆಗೆದುಕೊಳ್ಳುತ್ತಾರೆ. ಆದರೆ ಕೆಲವು ಶಾಲೆಗಳು ವಿಜ್ಞಾನದ ಜಾಗದಲ್ಲಿ ಕಮರ್ಷಿಯಲ್ ಸ್ಟಡೀಸ್ ಕೊಡುತ್ತವೆ. ಹದಿಮೂರು ಹದಿನಾಲ್ಕು ವಯಸ್ಸಿನ ಮಗು ಅಲ್ಲಿ ವಿಜ್ಞಾನ ಬಿಟ್ಟರೆ ಹತ್ತನೇ ತರಗತಿಯ ನಂತರ ವಿಜ್ಞಾನ ವಿಭಾಗಕ್ಕೆ ಹೋಗುವುದು ಹೆಚ್ಚುಕಡಿಮೆ ಆಗದ ಮಾತು. ಮಗುವಿಗೆ ನಿಜವಾಗಿಯೂ ವ್ಯವಹಾರ, ಲೆಕ್ಕಪತ್ರ, ಮಾರುಕಟ್ಟೆಯ ಕಡೆ ಒಲವಿದ್ದರೆ ಇದು ಒಳ್ಳೆಯ ಆಯ್ಕೆಯೇ. ಆದರೆ ಎಂಟನೇ ತರಗತಿಯಲ್ಲಿ ರಸಾಯನಶಾಸ್ತ್ರದ ಟೀಚರ್ ಇಷ್ಟ ಆಗಲಿಲ್ಲ ಎನ್ನುವ ಕಾರಣಕ್ಕೆ ಬಿಡುವುದಾದರೆ ಬೇಡ. ಟೀಚರ್ ಬದಲಾಗುತ್ತಾರೆ, ಬಿಟ್ಟ ವಿಷಯ ಮತ್ತೆ ಸಿಗುವುದಿಲ್ಲ.

ಮೂರನೇ ಗುಂಪಿನಲ್ಲಿ ಒಂದೇ ವಿಷಯ. ಕಂಪ್ಯೂಟರ್ ಅಪ್ಲಿಕೇಶನ್ಸ್, ಕಮರ್ಷಿಯಲ್ ಅಪ್ಲಿಕೇಶನ್ಸ್, ಎಕನಾಮಿಕ್ ಅಪ್ಲಿಕೇಶನ್ಸ್, ಚಿತ್ರಕಲೆ, ದೈಹಿಕ ಶಿಕ್ಷಣ, ಹೋಮ್ ಸೈನ್ಸ್ ಹೀಗೆ ಪಟ್ಟಿ ಉದ್ದ ಇದೆ. ಈ ಗುಂಪಿನಲ್ಲಿ ಅರ್ಧ ಅಂಕ ಬರೆಯುವ ಪರೀಕ್ಷೆಗೆ, ಇನ್ನರ್ಧ ಶಾಲೆಯಲ್ಲಿ ಮಾಡುವ ಕೆಲಸಕ್ಕೆ. ಬೇರೆ ಗುಂಪುಗಳಲ್ಲಿ ಈ ಒಳ ಅಂಕ ಬರೀ ಇಪ್ಪತ್ತು. ಅಂದರೆ ಮಗು ಕೈಯಾರೆ ಮಾಡಿ ಕಲಿಯಲು ಮಂಡಳಿಯೇ ಬಿಟ್ಟುಕೊಟ್ಟ ಜಾಗ ಇದು. ಇಲ್ಲಿ ಬಹಳ ಪೋಷಕರು ‘ಕಂಪ್ಯೂಟರ್ ಹಾಕಿದರೆ ಸೇಫ್’ ಎನ್ನುತ್ತಾರೆ. ಐಸಿಎಸ್‌ಇ ಕಂಪ್ಯೂಟರ್ ಅಪ್ಲಿಕೇಶನ್ಸ್ ಎಂದರೆ ಜಾವಾದಲ್ಲಿ ಪ್ರೋಗ್ರಾಂ ಬರೆಯುವುದು. ತರ್ಕದಲ್ಲಿ ಖುಷಿ ಪಡುವ ಮಗುವಿಗೆ ಅದು ಹಬ್ಬ. ಇಲ್ಲದ ಮಗು ಪ್ರೋಗ್ರಾಂಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡುತ್ತದೆ. ಅಂಕ ಬರಬಹುದು, ಆದರೆ ಎರಡು ವರ್ಷದ ಕೊನೆಗೆ ಸ್ವಂತವಾಗಿ ಹತ್ತು ಸಾಲಿನ ಪ್ರೋಗ್ರಾಂ ಬರೆಯಲು ಬರುವುದಿಲ್ಲ.

ಸಿಬಿಎಸ್‌ಇ ಶಾಲೆಗಳಲ್ಲಿ ಚರ್ಚೆ ಬೇರೆ ಥರ. ಅಲ್ಲಿ ಗಣಿತ, ವಿಜ್ಞಾನ, ಸಮಾಜ ಎಲ್ಲರಿಗೂ ಇದ್ದೇ ಇರುತ್ತದೆ. ಗೊಂದಲ ಬರುವುದು ಗಣಿತದ ಮಟ್ಟದಲ್ಲಿ. 2020ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂದು ಎರಡು ಪ್ರಶ್ನೆಪತ್ರಿಕೆ ಇವೆ. ಪಠ್ಯ ಒಂದೇ, ಪಾಠವೂ ಒಂದೇ, ಪ್ರಶ್ನೆಗಳ ಮಟ್ಟ ಮಾತ್ರ ಬೇರೆ. ಮುಂದೆ ಗಣಿತ ಓದುವವರಿಗೆ ಸ್ಟ್ಯಾಂಡರ್ಡ್, ಓದದವರಿಗೆ ಬೇಸಿಕ್ ಎನ್ನುವುದು ಮಂಡಳಿಯ ಉದ್ದೇಶ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಅಪ್ಲೈಡ್ ಮ್ಯಾಥಮೆಟಿಕ್ಸ್ (ಅನ್ವಯಿಕ ಗಣಿತ) ತೆಗೆದುಕೊಳ್ಳಬಹುದು. ಪೂರ್ಣ ಗಣಿತಕ್ಕೆ ಹೋಗಲು ಕೆಲವು ವರ್ಷ ಸಡಿಲಿಕೆಯನ್ನೂ ಕೊಟ್ಟಿದ್ದಾರೆ. ಆದರೆ ಸಡಿಲಿಕೆಯನ್ನು ನಂಬಿ ಮಗುವಿನ ದಾರಿ ಹಾಕಬಾರದು. ಆ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ಶಾಲೆಯಲ್ಲಿ ಕೇಳಿ, ಕಣ್ಣಾರೆ ಓದಿ.

‘ಬೇಸಿಕ್ ಅಂದರೆ ಜನ ಏನಂತಾರೆ ಮೇಡಂ?’ ಎಂದು ಒಬ್ಬರು ತಂದೆ ನನ್ನನ್ನು ಕೇಳಿದ್ದರು. ಅವರ ಮಗಳಿಗೆ ಗಣಿತದ ಭಯ ಎಷ್ಟಿತ್ತೆಂದರೆ, ಆ ಭಯದಲ್ಲಿ ವಿಜ್ಞಾನ, ಇಂಗ್ಲಿಷ್ ಎರಡೂ ಕುಸಿಯುತ್ತಿದ್ದವು. ಅವಳಿಗೆ ಓದಬೇಕೆಂದಿದ್ದದ್ದು ಕಾನೂನು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ದಾರಿಯಾದ ಕ್ಲ್ಯಾಟ್ ಪರೀಕ್ಷೆಗೆ ಹನ್ನೆರಡನೇ ತರಗತಿಯಲ್ಲಿ ಇಂಥದ್ದೇ ವಿಷಯ ಓದಿರಬೇಕು ಎಂಬ ನಿಯಮ ಇಲ್ಲ. ಅದರಲ್ಲಿ ಕೇಳುವ ಲೆಕ್ಕವೂ ಹತ್ತನೇ ತರಗತಿಯ ಮಟ್ಟದ್ದು. ಹಾಗಿರುವಾಗ ಬೇಸಿಕ್ ಬರೆದು, ಉಳಿದ ಹೊತ್ತನ್ನು ಓದಿಗೆ ಮತ್ತು ಬರವಣಿಗೆಗೆ ಕೊಟ್ಟರೆ ಅವಳಿಗೆ ನಷ್ಟ ಏನು? ಅದೇ ಅರ್ಥಶಾಸ್ತ್ರ ಓದಬೇಕು ಎನ್ನುವ ಹುಡುಗನಿಗೆ ನಾನು ಈ ಮಾತು ಹೇಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡರಲ್ಲಿ ಗಣಿತ ಬೇಕೇ ಬೇಕು. ಕಾಮರ್ಸ್ ತಾನೇ, ಗಣಿತ ಯಾಕೆ ಎಂದು ಬಿಟ್ಟವರು ಎರಡು ವರ್ಷ ಆದ ಮೇಲೆ ಪೇಚಾಡುವುದನ್ನು ನಾನು ನೋಡಿದ್ದೇನೆ.

ಭಾಷೆಯ ಆಯ್ಕೆಯಲ್ಲಿ ನನಗೆ ಬೇಸರ ತರುವುದು, ಅದನ್ನು ಬರೀ ಅಂಕದ ಲೆಕ್ಕದಲ್ಲಿ ಮಾಡುವುದು. ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625 ಅಂಕ, ಅದರಲ್ಲಿ ಪ್ರಥಮ ಭಾಷೆಗೇ 125. ಹಾಗಾಗಿ ‘ಯಾವ ಭಾಷೆಯಲ್ಲಿ ಪೂರ್ತಿ ಅಂಕ ಸುಲಭ’ ಎನ್ನುವುದೇ ಮೊದಲ ಪ್ರಶ್ನೆ ಆಗಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಕಾಯ್ದೆ ಇರಲಿ, ನಾನು ಕಂಡದ್ದನ್ನು ಹೇಳುತ್ತೇನೆ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಶಾಲೆಯಲ್ಲೂ ಕನ್ನಡವನ್ನು ಗಟ್ಟಿಯಾಗಿ ಓದಿದರೆ, ಉದ್ದದ ವಾಕ್ಯದ ಅರ್ಥ ಬಿಡಿಸುವುದು, ಒಂದು ವಾದವನ್ನು ಕ್ರಮವಾಗಿ ಬರೆಯುವುದು ಇವೆಲ್ಲ ಬೇಗ ಬರುತ್ತವೆ. ಆ ಶಕ್ತಿ ಇಂಗ್ಲಿಷ್ ಉತ್ತರಪತ್ರಿಕೆಯಲ್ಲೂ ಕಾಣುತ್ತದೆ. ಮುಂದೆ ಡಾಕ್ಟರ್ ಆಗಲಿ, ವಕೀಲರಾಗಲಿ, ಇಲ್ಲಿಯ ಜನರ ಜೊತೆ ಕೆಲಸ ಮಾಡುವವರಿಗೆ ಅವರ ಭಾಷೆಯಲ್ಲಿ ಓದಿ ಬರೆಯಲು ಬರಬೇಕು, ಅಲ್ವಾ? ಸಂಸ್ಕೃತವನ್ನೋ ಫ್ರೆಂಚನ್ನೋ ಪ್ರೀತಿಯಿಂದ ಕಲಿಯುವ ಮಕ್ಕಳನ್ನು ನಾನು ತಡೆಯುವುದಿಲ್ಲ. ಆರು ಅಂಕ ಜಾಸ್ತಿ ಬರುತ್ತದೆ ಎಂದು ಬರುವವರನ್ನು ಮಾತ್ರ ಸ್ವಲ್ಪ ಕೂರಿಸಿ ಮಾತಾಡುತ್ತೇನೆ.

ಇನ್ನು ಎರಡನೇ ವಿಚಾರ, ಮಗು ದಿನಾ ಏನು ಮಾಡುತ್ತದೆ ಎನ್ನುವುದು. ಕೌಶಲ ಬೆಳೆಯುವುದು ಇಲ್ಲಿ. ಶಾಲೆಯ ಕರಪತ್ರದಲ್ಲಿ ರೊಬೊಟಿಕ್ಸ್, ಪಬ್ಲಿಕ್ ಸ್ಪೀಕಿಂಗ್, ಲೀಡರ್‌ಶಿಪ್ ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ವಾರಕ್ಕೊಂದು ಪೀರಿಯಡ್, ವರ್ಷಕ್ಕೊಂದು ಪ್ರದರ್ಶನ. ಅದರಿಂದ ತೊಂದರೆ ಇಲ್ಲ. ಆದರೆ ನಿಜವಾದ ಕೌಶಲದ ಜಾಗ ಪ್ರತಿ ವಿಷಯದ ಆ ಇಪ್ಪತ್ತು ಒಳ ಅಂಕಗಳಲ್ಲಿದೆ, ಮತ್ತು ಅದನ್ನೇ ನಾವು ವ್ಯರ್ಥ ಮಾಡುತ್ತೇವೆ. ಸಿಬಿಎಸ್‌ಇಯಲ್ಲಿ ಆ ಇಪ್ಪತ್ತನ್ನು ಐದೈದಾಗಿ ಹಂಚಿದ್ದಾರೆ: ಕಿರುಪರೀಕ್ಷೆ, ಬೇರೆ ಬೇರೆ ರೀತಿಯ ಮೌಲ್ಯಮಾಪನ, ಪೋರ್ಟ್‌ಫೋಲಿಯೊ (ಮಗು ಮಾಡಿದ ಕೆಲಸಗಳ ಸಂಗ್ರಹ), ವಿಷಯಕ್ಕೆ ಹೊಂದುವ ಪ್ರಾಯೋಗಿಕ ಚಟುವಟಿಕೆ. ಯೋಚನೆ ಚೆನ್ನಾಗಿದೆ. ನಡೆಯುವುದು ಏನು? ಪ್ರಾಜೆಕ್ಟ್ ಕೊಡಬೇಕಾದ ಹಿಂದಿನ ರಾತ್ರಿ ಅಮ್ಮ ಚಾರ್ಟ್ ಕತ್ತರಿಸುತ್ತಾರೆ, ಅಪ್ಪ ಆಫೀಸಿನಲ್ಲಿ ಕಲರ್ ಪ್ರಿಂಟ್ ತೆಗೆದು ತರುತ್ತಾರೆ, ಮಗು ಹೆಸರು ಬರೆಯುತ್ತದೆ. ಎಲ್ಲರಿಗೂ ಇಪ್ಪತ್ತಕ್ಕೆ ಹತ್ತೊಂಬತ್ತು.

ಒಂದು ಬೇರೆ ಉದಾಹರಣೆ ಹೇಳುತ್ತೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ತುಂಬಾ ಕಷ್ಟ ಆಯಿತು. ಆಗ ಒಬ್ಬ ವಿದ್ಯಾರ್ಥಿನಿ ತನ್ನ ಅಪಾರ್ಟ್‌ಮೆಂಟಿಗೆ ಬರುವ ನೀರಿನ ಟ್ಯಾಂಕರುಗಳ ಲೆಕ್ಕ ಇಟ್ಟಳು. ಸೆಕ್ಯೂರಿಟಿಯವರ ರಿಜಿಸ್ಟರ್ ನೋಡಿ ದಿನಾಂಕ, ಸಮಯ, ಟ್ಯಾಂಕರ್ ದರ ಎಲ್ಲವನ್ನೂ ಸ್ಪ್ರೆಡ್‌ಶೀಟಿಗೆ ಹಾಕಿದಳು. ದರ ಯಾವ ವಾರ ಏರಿತು, ಒಂದು ಮನೆಗೆ ಎಷ್ಟು ಬೀಳುತ್ತದೆ ಎಂದು ಗ್ರಾಫ್ ಮಾಡಿದಳು. ಲೆಕ್ಕ ಹೊಂದದ ದಿನಗಳನ್ನು ಅಳಿಸಲಿಲ್ಲ, ಯಾಕೆ ಹೊಂದುತ್ತಿಲ್ಲ ಎಂದು ವಿಚಾರಿಸಿದಳು. ಆ ರಿಜಿಸ್ಟರ್ ಕೊಡಿ ಎಂದು ಕೇಳುವ ಧೈರ್ಯ, ಸಂಖ್ಯೆಗಳನ್ನು ಅನುಮಾನದಿಂದ ನೋಡುವ ಅಭ್ಯಾಸ, ಕಂಡದ್ದನ್ನು ಒಂದು ಪುಟದಲ್ಲಿ ಬರೆಯುವುದು, ಈ ಮೂರನ್ನೂ ಯಾವ ವ್ಯಕ್ತಿತ್ವ ವಿಕಸನ ಶಿಬಿರವೂ ಅಷ್ಟು ಚೆನ್ನಾಗಿ ಕಲಿಸುತ್ತಿರಲಿಲ್ಲ. ಅದು ಅವಳ ಮಾಹಿತಿ ತಂತ್ರಜ್ಞಾನ ವಿಷಯದ ಪ್ರಾಜೆಕ್ಟ್.

ಸಿಬಿಎಸ್‌ಇಯಲ್ಲಿ ಆರನೇ ವಿಷಯವಾಗಿ ಕೊಡುವ ಮಾಹಿತಿ ತಂತ್ರಜ್ಞಾನ, ಕೃತಕ ಬುದ್ಧಿಮತ್ತೆ ಮುಂತಾದ ಕೌಶಲ ವಿಷಯಗಳಲ್ಲಿ 50 ಅಂಕ ಬರಹಕ್ಕೆ, 50 ಅಂಕ ಪ್ರಾಯೋಗಿಕಕ್ಕೆ. ಇನ್ನೊಂದು ಅನುಕೂಲವೂ ಇದೆ. ಗಣಿತ, ವಿಜ್ಞಾನ, ಸಮಾಜ ಇವುಗಳಲ್ಲಿ ಒಂದರಲ್ಲಿ ಫೇಲಾಗಿ ಕೌಶಲ ವಿಷಯದಲ್ಲಿ ಪಾಸಾದರೆ, ಫಲಿತಾಂಶಕ್ಕೆ ಫೇಲಾದ ವಿಷಯದ ಜಾಗದಲ್ಲಿ ಕೌಶಲ ವಿಷಯವನ್ನು ಪರಿಗಣಿಸುತ್ತಾರೆ. ಪೋಷಕರಿಗೆ ಶಾಲೆಗಳು ಇದನ್ನೇ ಮೊದಲು ಹೇಳುವುದರಿಂದ ಈ ವಿಷಯಕ್ಕೆ ‘ಸ್ಪೇರ್’ ಎನ್ನುವ ಹೆಸರು ಬಿದ್ದಿದೆ. ಹಾಗೆ ನೋಡಬೇಡಿ. ಆ ಐವತ್ತು ಅಂಕದ ಪ್ರಾಯೋಗಿಕ ನಿಜವಾಗಿ ನಡೆಯುತ್ತದಾ ಎಂದು ಕೇಳಿ. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಎಷ್ಟು ಮಕ್ಕಳು? ಈ ವಿಷಯ ಕಲಿಸುವವರು ಆ ವಿಷಯವನ್ನೇ ಓದಿದವರಾ, ಇಲ್ಲಾ ಬಿಡುವಿದ್ದ ಟೀಚರಾ? ಕಳೆದ ವರ್ಷದ ಮಕ್ಕಳ ಪ್ರಾಜೆಕ್ಟ್ ಫೈಲ್ ಎರಡು ತೋರಿಸಿ ಎಂದು ಕೇಳಿದರೆ ಸಾಕು. ಎರಡೂ ಫೈಲ್ ಒಂದೇ ಥರ ಇದ್ದರೆ ನಿಮಗೆ ಉತ್ತರ ಸಿಕ್ಕಿತು. ಕರಪತ್ರದಲ್ಲಿ ಹತ್ತು ವಿಷಯ ಇದ್ದು ಎರಡಕ್ಕೆ ಮಾತ್ರ ಟೀಚರ್ ಇರುವ ಶಾಲೆಗಳು ಇವೆ. ಶುಲ್ಕ ಕಟ್ಟುವವರು ನೀವು, ಇಷ್ಟು ಕೇಳಲು ಸಂಕೋಚ ಬೇಡ.

ಈಗ ಖಾಸಗಿ ಶಾಲೆಗಳಲ್ಲಿ ನಡೆಯುತ್ತಿರುವ ಇನ್ನೊಂದು ವಿಚಾರ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಎಂಟನೇ ತರಗತಿಯಿಂದಲೇ ಶಾಲೆಯ ವೇಳೆಯಲ್ಲೇ ‘ಫೌಂಡೇಶನ್’ ಹೆಸರಿನಲ್ಲಿ ಜೆಇಇ, ನೀಟ್ ತಯಾರಿ. ಅದಕ್ಕೆ ಸಮಯ ಎಲ್ಲಿಂದ ಬರುತ್ತದೆ? ಆಟ, ಚಿತ್ರಕಲೆ, ಗ್ರಂಥಾಲಯ, ಕನ್ನಡದ ಪೀರಿಯಡ್‌ಗಳಿಂದ. ವಸ್ತು ಯಾಕೆ ಬೀಳುತ್ತದೆ ಎಂದು ಮಗು ಕೇಳುವ ವಯಸ್ಸಿನಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಬೇಗ ಗುರುತು ಹಾಕುವುದನ್ನು ಕಲಿಸುತ್ತೇವೆ. ಮೂರು ವರ್ಷ ಹೀಗೆ ಓದಿದ ಮಕ್ಕಳು ಪಿಯುಸಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಎಂಜಿನಿಯರಿಂಗ್‌ಗೆ ಕೆ-ಸಿಇಟಿ ರ‍್ಯಾಂಕ್ ಕೊಡುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೂ ಅರ್ಧ ಪಾಲು ಇದೆ. ಆ ಓಟದ ಸಮಯ ಹನ್ನೊಂದು ಮತ್ತು ಹನ್ನೆರಡನೇ ತರಗತಿ. ಅದಕ್ಕೆ ಪ್ರೌಢಶಾಲೆಯಲ್ಲಿ ಬೇಕಾದ ತಯಾರಿ ಎಂದರೆ ಬೀಜಗಣಿತ ಗಟ್ಟಿ ಇರುವುದು, ಪಾಠಪುಸ್ತಕವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುವುದು, ಗೊತ್ತಾಗದ್ದನ್ನು ತರಗತಿಯಲ್ಲಿ ಕೇಳುವುದು. ಇಷ್ಟಿದ್ದ ಮಗು ಹನ್ನೊಂದರಲ್ಲಿ ಶುರು ಮಾಡಿದರೂ ಮುಂದೆ ಬರುತ್ತದೆ.

ಬೆರಳಚ್ಚು ತೆಗೆದು ಮಗುವಿನ ಬುದ್ಧಿಶಕ್ತಿ, ಸೂಕ್ತ ವೃತ್ತಿ ಎಲ್ಲ ಹೇಳುತ್ತೇವೆ ಎನ್ನುವ ಡಿಎಂಐಟಿ ಪರೀಕ್ಷೆಯವರೂ ಶಾಲೆಗಳಿಗೆ ಬರುತ್ತಾರೆ. ಅದಕ್ಕೆ ವಿಜ್ಞಾನದ ಆಧಾರ ಇಲ್ಲ. ಆ ದುಡ್ಡಿಗೆ ಮಗುವಿಗೆ ಪುಸ್ತಕ ಕೊಡಿಸಿ.

ಒಲವು ತಿಳಿಯಲು ನಾನು ಮಾಡುವುದು ತುಂಬಾ ಸರಳ. ಮಗುವಿನ ಎಲ್ಲ ನೋಟ್‌ಪುಸ್ತಕ ತರಿಸಿಕೊಳ್ಳುತ್ತೇನೆ. ಯಾವ ಪುಸ್ತಕದ ಅಂಚಿನಲ್ಲಿ ತಾನಾಗಿ ಏನಾದರೂ ಬರೆದುಕೊಂಡಿದೆ, ಯಾವ ವಿಷಯದಲ್ಲಿ ತಪ್ಪಾದ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ, ಎಲ್ಲಿ ಬರೀ ಬೋರ್ಡಿನದ್ದನ್ನು ಇಳಿಸಿಕೊಂಡಿದೆ ಎಂದು ನೋಡುತ್ತೇನೆ. ಆಮೇಲೆ ಅಪ್ಪ-ಅಮ್ಮ ಇಲ್ಲದೆ ಮಗುವಿನ ಜೊತೆ ಮಾತಾಡುತ್ತೇನೆ. ಯಾವ ವಿಷಯ ಇಷ್ಟ ಎಂದು ಕೇಳಿದರೆ ಸುಮ್ನೆ ಏನೋ ಒಂದು ಹೇಳಿಬಿಡುತ್ತವೆ. ಯಾವ ವಿಷಯದ ಹೋಂವರ್ಕನ್ನು ಮೊದಲು ಮಾಡುತ್ತೀಯ, ಯಾವುದನ್ನು ಕೊನೆಗೆ ಇಡುತ್ತೀಯ ಎಂದು ಕೇಳಿದರೆ ನಿಜ ಬರುತ್ತದೆ. ಇದನ್ನು ಮನೆಯಲ್ಲಿ ನೀವೂ ಮಾಡಬಹುದು, ಇದಕ್ಕೆ ತಜ್ಞರೇ ಬೇಕಿಲ್ಲ.

ಕೈಕೆಲಸದಲ್ಲಿ ಗೆಲ್ಲುವ ಮಕ್ಕಳ ಬಗ್ಗೆಯೂ ಹೇಳಬೇಕು. ಮಿಕ್ಸಿ ಬಿಚ್ಚಿ ಜೋಡಿಸುವ, ಸೈಕಲ್ ರಿಪೇರಿ ಮಾಡುವ ಹುಡುಗ ಪರೀಕ್ಷೆಯಲ್ಲಿ ಅರವತ್ತು ತೆಗೆದರೆ ಖಾಸಗಿ ಶಾಲೆಯಲ್ಲಿ ಅವನನ್ನು ದಡ್ಡ ಎಂದುಬಿಡುತ್ತಾರೆ. ಹತ್ತನೇ ತರಗತಿಯ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದು ಮುಗಿಸಿ, ಡಿಪ್ಲೊಮಾ ಆದವರಿಗೆ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಯಂತ್ರಗಳಿಗೆ ಬೇಕಾದ ಉಪಕರಣ, ಅಚ್ಚುಗಳ ತಯಾರಿ) ಕಲಿತವರಿಗೆ ಕಾರ್ಖಾನೆಗಳಲ್ಲಿ ಒಳ್ಳೆಯ ಬೇಡಿಕೆ ಇದೆ. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಶಾಲೆಯಿಂದ ಡಿಪ್ಲೊಮಾಗೆ ಹೋಗುವುದಾ ಎಂದು ಮನೆಯವರು ಮುಖ ಸಣ್ಣ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹುಡುಗನಿಗೆ ಅದು ಇಳಿಜಾರಲ್ಲ, ಅವನದೇ ದಾರಿ.

ಆಯ್ಕೆ ತಪ್ಪಾಗಿದೆ ಎಂದು ಒಂಬತ್ತನೇ ತರಗತಿಯಲ್ಲಿ ಗೊತ್ತಾದರೆ ಕಾಯಬೇಡಿ. ಸಿಬಿಎಸ್‌ಇ, ಐಸಿಎಸ್‌ಇ ಎರಡರಲ್ಲೂ ಮಂಡಳಿಗೆ ಮಕ್ಕಳ ನೋಂದಣಿ ಒಂಬತ್ತನೇ ತರಗತಿಯಲ್ಲೇ ಆಗುತ್ತದೆ. ಅದಕ್ಕೆ ಮುಂಚೆ ವಿಷಯ ಬದಲಿಸುವುದು ಶಾಲೆಯ ಮಟ್ಟದಲ್ಲೇ ಮುಗಿಯುವ ಕೆಲಸ, ಆಮೇಲೆ ಮಂಡಳಿಯ ಅನುಮತಿ, ದಾಖಲೆ ಎಂದು ಓಡಾಟ. ಶಾಲೆ ಶುರುವಾದ ಮೊದಲ ಕಿರುಪರೀಕ್ಷೆಯ ನಂತರ ಒಂದು ದಿನ ಮಗುವನ್ನು ಕೂರಿಸಿಕೊಂಡು ಈ ವಿಷಯ ಹೇಗನಿಸುತ್ತಿದೆ ಎಂದು ಕೇಳಿ. ಬದಲಿಸಬೇಕು ಎನಿಸಿದರೆ ವಿಷಯದ ಟೀಚರ್ ಜೊತೆ ಮೊದಲು ಮಾತಾಡಿ, ಆಮೇಲೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಮನವಿ ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ನೋಂದಣಿಯ ಕೊನೆಯ ದಿನ ಯಾವುದು ಎಂದು ಅದೇ ದಿನ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.